ಒಂದು ಕೈಗೆ ಬಗ್ಗದ ಲಾಡಿ

ಮೂಡಲಗಿಯ ಬಸ್ ನಿಲ್ದಾಣದ ಎದುರಿನ ಓಣಿಯಲ್ಲಿ ನಾಲ್ಕು ಹೆಜ್ಜೆ ನಡೆದರೆ ಒಂದೇ ಖೋಲಿಯ ಅಂಗಡಿ ಸಿಗುತ್ತದೆ. ಮುಂದಿನ ಅರ್ಧದಲ್ಲಿ ರಮಜಾನಸಾಬ ಅರಳೆ ಹಿಂಜಿ ಗಾದಿ, ತಲೆದಿಂಬು ತುಂಬುತ್ತಾನೆ. ಹಿಂದಿನ ಅರ್ಧದಲ್ಲಿ ಅವನ ಹೆಂಡತಿ ಗುಡುಬಿ ಹೊಲಿಗೆ ಮಷೀನು ತುಳಿಯುತ್ತಾಳೆ. ನಡುವೆ ಗೋಡೆ ಇಲ್ಲ, ಹಳೆಯ ಚಾದರವೊಂದನ್ನು ಇಳಿಬಿಟ್ಟಿದ್ದಾರೆ. ಫ್ಯಾನು ಜೋರಾದರೆ ಅರಳೆಯ ಎಳೆಗಳು ಹಾರಿ ಬಂದು ಗುಡುಬಿ ಹೊಲಿದಿಟ್ಟ ಜಂಪರುಗಳ ಮೇಲೆ ಕೂರುತ್ತವೆ. ಗಿರಾಕಿಗಳು ಬಟ್ಟೆ ಒಯ್ಯುವ ಮುಂಚೆ ಒಮ್ಮೆ ಕೊಡವಿಕೊಳ್ಳುವುದು ಅಲ್ಲಿಯ ರೂಢಿ.

ಗುಡುಬಿಗೆ ಈಗ ಐವತ್ತನಾಲ್ಕು. ಹುಟ್ಟಿದ್ದು ನಾಗನೂರಿನಲ್ಲಿ. ಹನ್ನೊಂದನೆಯ ವಯಸ್ಸಿಗೇ ಅಪ್ಪನ ಮಷೀನಿನ ಮುಂದೆ ಕೂತವಳು. ಕಾಲು ಪೆಡಲಿಗೆ ಮುಟ್ಟದೆ ಕೆಳಗೊಂದು ಇಟ್ಟಿಗೆ ಇಟ್ಟುಕೊಂಡು ಕಲಿತಳು. ಸಾಲಿಯನ್ನು ಐದನೆಯ ಇಯತ್ತೆಗೇ ಬಿಟ್ಟಳು, ಆದರೆ ಯಾರಾದರೂ ಅಂಗಡಿಯ ಮೆಟ್ಟಿಲು ಹತ್ತುವಷ್ಟರಲ್ಲಿ ಅವರ ಭುಜ, ಎದೆ, ಸೊಂಟದ ಅಳತೆ ಅವಳ ಕಣ್ಣಿಗೆ ಬಿದ್ದಿರುತ್ತಿತ್ತು. ಟೇಪು ಹಿಡಿಯುತ್ತಿದ್ದುದು ಗಿರಾಕಿಯ ಸಮಾಧಾನಕ್ಕೆ. ಗೂನು ಬೆನ್ನಿನ ಮುದುಕಿಯಿಂದ ಹಿಡಿದು ಅವಳಿ ಮಕ್ಕಳ ಬಸುರಿಯವರೆಗೆ ಯಾರೇ ಬಂದರೂ ಮೈಗೆ ಒಪ್ಪುವಂತೆ ಹೊಲಿದು ಕೊಡುತ್ತೇನೆ ಎಂಬುದು ಅವಳ ಹೆಮ್ಮೆ. ಆ ಹೆಮ್ಮೆಗೆ ಪೆಟ್ಟು ಬಿದ್ದದ್ದು ಮೂರು ವರ್ಷದ ಹಿಂದೆ.

ಅದು ಜೂನ್ ತಿಂಗಳು. ಸಾಲಿ ಬಟ್ಟೆಯ ಗದ್ದಲ. ತುಕ್ಕಾನಟ್ಟಿಯಿಂದ ಜಿನ್ನವ್ವ ಎಂಬ ಹೆಣ್ಣುಮಗಳು ತನ್ನ ಮಗಳು ರೂಪಾಲಿಯನ್ನು ಕರೆದುಕೊಂಡು ಬಂದಳು. ಊರಿನ ಸಾಲಿಯಲ್ಲಿ ಏಳನೆಯ ಇಯತ್ತೆ ಮುಗಿಸಿದ ಹುಡುಗಿ, ಎಂಟಕ್ಕೆ ಮೂಡಲಗಿಯ ಹೈಸ್ಕೂಲಿಗೆ ಹೆಸರು ಹಚ್ಚಿದ್ದರು. ಹುಟ್ಟಿದಾಗಿನಿಂದ ಅವಳ ಎಡಗೈಯಲ್ಲಿ ಶಕ್ತಿಯಿಲ್ಲ, ಮುಷ್ಟಿ ಸದಾ ಮುಚ್ಚಿಯೇ ಇರುತ್ತಿತ್ತು. ಎಡಗಾಲನ್ನು ಸ್ವಲ್ಪ ಎಳೆದು ನಡೆಯುತ್ತಿದ್ದಳು. ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಗುಡುಬಿ ಅದನ್ನು ನೋಡಿ ಗಂಡನ ಹತ್ತಿರ ಒಂದು ಹಿಡಿ ಅರಳೆ ಇಸಿದುಕೊಂಡು ಕುರ್ತಾದ ಎಡಭುಜದ ಒಳಗೆ ತೆಳ್ಳಗೆ ಹೊಲಿದಳು. ಹುಡುಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಾಗ ಎರಡೂ ಭುಜ ಸಮನಾಗಿ ಕಂಡವು. ಜಿನ್ನವ್ವನ ಕಣ್ಣಲ್ಲಿ ನೀರು ಬಂತು. ಗುಡುಬಿ ಆ ದಿನವಿಡೀ ಗೆಲುವಾಗಿದ್ದಳು.

ಆಗಸ್ಟ್ ತಿಂಗಳಲ್ಲಿ ಜಿನ್ನವ್ವ ಜಂಪರಿನ ಬಟ್ಟೆ ಹಿಡಿದು ಒಬ್ಬಳೇ ಬಂದಳು.

“ಮಗಳ ಹೆಂಗದಾಳವಾ? ಸಾಲಿ ಛಲೋ ನಡದೈತಿಲ್ಲ?” ಗುಡುಬಿ ಕೇಳಿದಳು.

ಜಿನ್ನವ್ವ ಚಾದರದ ಆಚೆ ರಮಜಾನಸಾಬ ಇದ್ದಾನೆಯೇ ಎಂದು ಒಮ್ಮೆ ನೋಡಿ ದನಿ ತಗ್ಗಿಸಿದಳು. “ಸಾಲಿ ಬಿಟ್ಟಾಳ್ರಿ ಅಕ್ಕಾರ. ತಿಂಗಳ ಆತು.”

“ಯಾಕ? ಆರಾಮಿಲ್ಲೇನು?”

“ಆರಾಮ ಅದಾಳ್ರಿ. ಲಾಡಿ ಕಟ್ಟಾಕ ಬರೂದಿಲ್ಲಲ್ಲರಿ ಆಕೀಗೆ.”

ಗುಡುಬಿಗೆ ಮೊದಲು ಅರ್ಥವಾಗಲಿಲ್ಲ. ಜಿನ್ನವ್ವ ತಡೆದು ತಡೆದು ಹೇಳಿದಳು. ಊರಿನ ಸಾಲಿಯಲ್ಲಿದ್ದಾಗ ಹುಡುಗಿ ಲಂಗ ಹಾಕುತ್ತಿದ್ದಳು. ಮನೆ ಹತ್ತಿರವೇ ಇತ್ತು. ನಡುವೆ ಬಿಟ್ಟಾಗ ಬಂದು ಕಾಲ್ಮಡಿದು ಹೋಗುತ್ತಿದ್ದಳು, ಬೇಕಾದರೆ ಅವ್ವ ಇದ್ದಳು. ಹೈಸ್ಕೂಲಿನಲ್ಲಿ ಚೂಡಿದಾರು. ಬಿಚ್ಚಿದ ಲಾಡಿಯನ್ನು ಒಂದೇ ಕೈಯಿಂದ ಮತ್ತೆ ಕಟ್ಟುವುದು ಹೇಗೆ? ಮೊದಲ ವಾರ ಗೆಳತಿಯೊಬ್ಬಳು ಕಟ್ಟಿಕೊಟ್ಟಳು. ಉಳಿದವರು ನಕ್ಕರು, ಗೆಳತಿಗೂ ಬೇಸರವಾಯಿತು. ಆಮೇಲೆ ರೂಪಾಲಿ ನೀರು ಕುಡಿಯುವುದನ್ನೇ ಬಿಟ್ಟಳು. ಮುಂಜಾನೆ ಎಂಟಕ್ಕೆ ಬಸ್ಸು ಹತ್ತಿದರೆ ಸಂಜೆ ಐದೂವರೆಗೆ ಮನೆ ಮುಟ್ಟುವ ತನಕ ಒಂದು ಗುಟುಕೂ ಇಲ್ಲ. ಒಂದು ದಿನ ತಡೆಯಲಾಗದೆ ಓಡಿದಳು. ಅವಸರದಲ್ಲಿ ಎಳೆದ ಲಾಡಿ ಗಂಟು ಬಿದ್ದು ಬಿಗಿಯಾಯಿತು. ಬಟ್ಟೆ ಒದ್ದೆಯಾಯಿತು. ಸಾಲಿಚೀಲವನ್ನು ಮುಂದೆ ಹಿಡಿದುಕೊಂಡು ಬಸ್ಸಿನಲ್ಲಿ ನಿಂತೇ ಊರಿಗೆ ಬಂದವಳು ಮರುದಿನದಿಂದ ಹೊಸ್ತಿಲು ದಾಟಲಿಲ್ಲ.

“ಅವರಪ್ಪ ಅಂತಾರ್ರಿ, ಏಳನೇತ್ತೆ ಆತಲ್ಲ, ಸಾಕ ಬಿಡು ಅಂತ,” ಎಂದು ಜಿನ್ನವ್ವ ಮಾತು ಮುಗಿಸಿದಳು.

ಅವಳು ಹೋದ ಮೇಲೆ ಗುಡುಬಿ ಸೂಜಿಗೆ ದಾರ ಪೋಣಿಸಲು ಕೂತಳು. ಮೂರು ಸಲ ತಪ್ಪಿತು. ಎರಡೂ ಭುಜ ಸಮ ಮಾಡಿದೆನೆಂದು ಬೀಗಿದ್ದು ನೆನಪಾಗಿ ಅವಳಿಗೆ ನಾಚಿಕೆಯಾಯಿತು. ಆ ಲಾಡಿ ಪೋಣಿಸಿದವಳು ತಾನೇ. ಮುಚ್ಚಿದ ಮುಷ್ಟಿಯನ್ನು ಕಣ್ಣಾರೆ ಕಂಡು, ಅದೇ ಕೈಯ ತೋಳಿನ ಉದ್ದ ಅಳೆದು, ಆಮೇಲೆ ಎಲ್ಲರಿಗೂ ಪೋಣಿಸಿದ ಹಾಗೆ ಅವಳಿಗೂ ಲಾಡಿ ಪೋಣಿಸಿ ಕೊಟ್ಟಿದ್ದಳು. ಮಷೀನಿಗೆ ಮುಸುಕು ಹಾಕಿ ಎದ್ದಳು.

“ಎಲ್ಲಿಗಿ?” ರಮಜಾನಸಾಬ ಕೇಳಿದ.

“ತುಕ್ಕಾನಟ್ಟಿಗಿ. ನಾ ಮಾಡಿದ್ದ ಕೆಲಸ ಕೆಟ್ಟೈತಿ, ನೋಡ್ಕೊಂಡ ಬರ್ತೇನಿ.”

ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಬಾಯಲ್ಲಿ ಅಂಥ ಮಾತನ್ನು ಅವನು ಕೇಳಿರಲಿಲ್ಲ. ಕೈಲಿದ್ದ ದಿಂಬನ್ನು ಹಾಗೇ ಹಿಡಿದು ನೋಡುತ್ತ ನಿಂತ.

ರೂಪಾಲಿ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ಕಾಯಿಯನ್ನು ಹಲಗೆಯ ಮೇಲಿಟ್ಟು ಬಲಗೈಯ ಹೆಬ್ಬೆರಳಿನಿಂದ ಒತ್ತಿದರೆ ಚಟ್ಟನೆ ಒಡೆಯುತ್ತಿತ್ತು. ಅದೇ ಕೈಯ ಎರಡು ಬೆರಳು ಕಾಳನ್ನು ಬುಟ್ಟಿಗೆ ತಳ್ಳುತ್ತಿದ್ದವು. ಗುಡುಬಿ ಸುಮ್ಮನೆ ಕೂತು ಒಂದಷ್ಟು ಹೊತ್ತು ಆ ಕೈಯನ್ನೇ ನೋಡಿದಳು. ಎರಡು ಕೈಯವರ ವೇಗಕ್ಕೆ ಅದು ಏನೂ ಕಡಿಮೆಯಿರಲಿಲ್ಲ.

“ನಾ ಹೊಲದ ಬಟ್ಟಿ ನೋಡಾಕ ಬಂದೇನಿ,” ಎಂದಳು.

“ಬಟ್ಟಿ ಛಲೋ ಅದಾವ್ರಿ ಕಾಕೂ,” ಹುಡುಗಿ ತಲೆಯೆತ್ತಲಿಲ್ಲ.

“ಛಲೋ ಇದ್ರ ಗಳದ ಮ್ಯಾಲ ಯಾಕ ತೂಗಾಕತ್ತಾವ? ಮೈಮ್ಯಾಲ ಇರಬೇಕಿತ್ತಲ್ಲ.”

ರೂಪಾಲಿ ಕೈಲಿದ್ದ ಕಾಯಿಯನ್ನು ಬಿಸಾಡಿದಳು. “ಅವ್ವ ಹೇಳ್ಯಾಳಿಲ್ಲ ಎಲ್ಲಾ? ಮತ್ತ ನನ್ನ ಬಾಯ್ಲೆ ಯಾಕ ಕೇಳ್ತೀರಿ?”

ಜಿನ್ನವ್ವ ಒಳಗಿನಿಂದ ಗದರಿದಳು. ಗುಡುಬಿ ಕೈಯೆತ್ತಿ ಅವಳನ್ನು ತಡೆದಳು. “ತಪ್ಪ ನಂದೈತಿ ತಂಗಿ. ಅಳತಿ ತಗೋಳುಮುಂದ ನಿನ್ನ ಒಂದ ಮಾತ ಕೇಳಬೇಕಿತ್ತು, ಕೇಳಲಿಲ್ಲ. ಆ ಪ್ಯಾಂಟ ಕೊಡು. ದಸರಾ ಸೂಟಿ ಮುಗಿಯೂದ್ರಾಗ ಬ್ಯಾರೆ ಮಾಡಿ ಕೊಡ್ತೇನಿ. ಆಮ್ಯಾಲ ಸಾಲಿಗೆ ಹೋಗೂದು ಬಿಡೂದು ನಿಂಗ ಬಿಟ್ಟದ್ದು.”

ಹುಡುಗಿ ಇನ್ನೊಂದು ಕಾಯಿಯನ್ನು ಹಲಗೆಯ ಮೇಲಿಟ್ಟು ಒತ್ತಿದಳು. ಗುಡುಬಿಯೇ ಗಳದಿಂದ ತೆಗೆದುಕೊಂಡಳು.

ಇಲಾಸ್ಟಿಕ್ ಹಾಕಿದರೆ ಮುಗಿಯಿತು ಎಂದು ಅವಳು ತಿಳಿದಿದ್ದಳು. ಹಾಕಿದಳು. ಆದರೆ ಈ ಸಲ ಹಾಗೇ ಕೊಟ್ಟು ಕಳಿಸುವ ಧೈರ್ಯ ಬರಲಿಲ್ಲ. ತನ್ನ ಅಳತೆಗೆ ಅಂಥದ್ದೇ ಒಂದು ಪ್ಯಾಂಟು ಹೊಲಿದುಕೊಂಡು, ಓಢಣಿಯಿಂದ ತನ್ನ ಎಡಗೈಯನ್ನು ಸೊಂಟಕ್ಕೆ ಬಿಗಿದುಕೊಂಡು ಅಂಗಡಿಯ ಹಿಂದಿನ ಬಚ್ಚಲಿಗೆ ಹೋದಳು. ಇಳಿಸುವುದು ಸುಲಭವಾಯಿತು. ಏರಿಸುವಾಗ ಬಲಗಡೆ ಸೊಂಟದ ತನಕ ಬಂತು, ಎಡಗಡೆ ತೊಡೆಯಲ್ಲೇ ಸಿಕ್ಕಿಕೊಂಡಿತು. ಎಡಕ್ಕೆ ಬಾಗಿ ಎಳೆದರೆ ಬಲಗಡೆ ಜಾರಿತು. ಮೇಲಿನ ಕುರ್ತಾದ ಅಂಚು ಬೇರೆ ಪದೇ ಪದೇ ನಡುವೆ ಬಂತು. ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತಿರುಗುವಷ್ಟರಲ್ಲಿ ಮೊಣಕೈ ತಗಲಿ ಬಕೇಟು ಮಗುಚಿ ಬಿತ್ತು.

“ಏನಾತು? ಏನ ಮಾಡಾಕತ್ತಿ ಒಳಗ?” ರಮಜಾನಸಾಬ ಹೊರಗಿನಿಂದ ಕೂಗಿದ.

ಬಾಯಲ್ಲಿದ್ದ ಅಂಚನ್ನು ಬಿಟ್ಟು ಗುಡುಬಿ ಕೂಗಿದಳು, “ಹೈಸ್ಕೂಲಿಗೆ ಹೋಗಾಕತ್ತೇನಿ!”

ಒದ್ದೆಯಾಗಿ ಹೊರಗೆ ಬಂದವಳನ್ನು ಕಂಡು ಗಂಡ ನಕ್ಕ. ಅವಳೂ ನಕ್ಕಳು. ಆದರೆ ಎರಡೂ ಕೈ ಗಟ್ಟಿಯಿರುವ ತನಗೇ ಬಾಗಿಲು ಹಾಕಿದ ಬಚ್ಚಲಲ್ಲಿ ಅಳು ಬಂದಿತ್ತು ಎಂಬುದನ್ನು ಅವನಿಗೆ ಹೇಳಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ರವಿವಾರ ಜಿನ್ನವ್ವ ಮಗಳನ್ನು ಕರೆತಂದಳು. ಎರಡನೆಯ ಸಲ ಗುಡುಬಿ ಸಾಲಿಚೀಲಕ್ಕೆ ಹಚ್ಚುವಂಥ ಅಂಟುಪಟ್ಟಿ ಹಚ್ಚಿ ನೋಡಿದಳು. ಒಂದೇ ಕೈಗೆ ಚೆನ್ನಾಗಿ ಬಂತು. ರೂಪಾಲಿ ಮಾತ್ರ ತಲೆ ಅಲ್ಲಾಡಿಸಿದಳು. “ಬ್ಯಾಡ್ರಿ. ಬಿಚ್ಚಿದ್ರ ಚರ್ರ್ ಅಂತೈತಿ. ಬಾಜೂಕ ಇದ್ದಾರಿಗೆಲ್ಲ ಕೇಳ್ತೈತಿ.”

ಗುಡುಬಿ ಅದನ್ನು ಕಿತ್ತಳು. ಮೂರನೆಯ ಸಲ ಮುಂದೆ ಒಂದು ದೊಡ್ಡ ಹುಕ್ಕು, ಹಿಂದೆ ಇಲಾಸ್ಟಿಕ್, ಎರಡೂ ಪಕ್ಕಕ್ಕೆ ಒಳಗಿನಿಂದ ಎಳೆಯಲು ಬಟ್ಟೆಯ ಕುಣಿಕೆ ಇಟ್ಟಳು. ರೂಪಾಲಿ ಒಳಗೆ ಹೋಗಿ ಬಂದವಳು ಮೊದಲ ಬಾರಿಗೆ ತಾನಾಗಿಯೇ ಮಾತಾಡಿದಳು.

“ಕಾಕೂ, ಎಡಗಡೆ ಕುಣಿಕಿ ಅಲ್ಲಿ ಇಟ್ರ ನಂಗ ಸಿಗಂಗಿಲ್ಲ. ನಾ ಮುಂದಿಂದ ಕೈ ಒಯ್ಯಂಗಿಲ್ಲ. ಹಿಂದಿಂದ ಒಯ್ತೇನಿ, ಹಿಂಗ,” ಎಂದು ಬಲಗೈಯನ್ನು ಬೆನ್ನ ಹಿಂದಿನಿಂದ ಎಡಸೊಂಟದತ್ತ ಚಾಚಿ ತೋರಿಸಿದಳು.

ಗುಡುಬಿ ಸೀಮೆಸುಣ್ಣದ ತುಂಡನ್ನು ಅವಳ ಕೈಗೇ ಕೊಟ್ಟಳು. “ಎಲ್ಲಿ ಬೇಕು ನೀನ ಗುರ್ತ ಹಾಕು.”

ಅಲ್ಲಿಂದ ಕೆಲಸ ಸರಸರನೆ ಸಾಗಿತು. ಹಿಂದಿನ ಕುಣಿಕೆ ಎಲ್ಲಿರಬೇಕು, ಹೆಬ್ಬೆರಳು ತೂರಲು ಎಷ್ಟು ಅಗಲ ಬೇಕು, ಎಲ್ಲ ಹುಡುಗಿಯೇ ಹೇಳಿದಳು. ಕುರ್ತಾದ ಪಕ್ಕದ ಸೀಳನ್ನು ಗುಡುಬಿ ನಾಲ್ಕು ಬೆರಳು ಏರಿಸಿದಳು. ಅದರ ಅಂಚಿಗೊಂದು, ಎದೆಯ ಬಳಿ ಒಳಗಿನಿಂದೊಂದು, ಒತ್ತಿದರೆ ಕೂಡುವ ಟಿಚ್ ಗುಂಡಿ ಹಚ್ಚಿದಳು. ಅಂಚನ್ನು ಒಳಮಡಚಿ ಮೇಲೆತ್ತಿ ಒತ್ತಿದರೆ ಅಲ್ಲೇ ನಿಲ್ಲುತ್ತಿತ್ತು, ಹಲ್ಲಿನಲ್ಲಿ ಕಚ್ಚುವ ಕೆಲಸವಿಲ್ಲ. ಪಿನ್ನು ಚುಚ್ಚಿ ನಿಲ್ಲಿಸಬೇಕಾದ ಓಢಣಿಯನ್ನು ಮಡಿಕೆ ಮಾಡಿ ಭುಜಕ್ಕೇ ಹೊಲಿದುಬಿಟ್ಟಳು.

ಒಂದು ರವಿವಾರ ಮಗಳು ಒಳಗೆ ಬಟ್ಟೆ ಬದಲಿಸುವಾಗ ಜಿನ್ನವ್ವ ಮೆಲ್ಲಗೆ ಕೇಳಿದಳು, “ಇದೊಂದು ಆತ್ರಿ. ನಾಳೆ ದೊಡ್ಡಾಕಿ ಆದ್ಲಂದ್ರ?” ಗುಡುಬಿಗೂ ಅದೇ ಚಿಂತೆಯಿತ್ತು. ಪ್ಯಾಡನ್ನು ಹಿಡಿದಿಡುವ ಪಟ್ಟಿಯಿರುವ ಚಡ್ಡಿ ಹೊಲಿದಳು. ಒಂದು ಕಡೆಯಿಂದ ತೂರಿಸಿ ಒತ್ತಿದರೆ ಕೂರುವಂತೆ ಅದಕ್ಕೂ ಟಿಚ್ ಗುಂಡಿ. ಆ ಮಾತನ್ನು ಹುಡುಗಿಯ ಹತ್ತಿರ ಆಡಲು ಅವ್ವನಿಗೆ ಸಂಕೋಚ. ಗುಡುಬಿಯೇ ಕೂರಿಸಿಕೊಂಡು, ಲಂಗಕ್ಕೆ ಗೊಂಡೆ ಹಚ್ಚುವುದನ್ನು ಹೇಳಿಕೊಟ್ಟಷ್ಟೇ ಸಲೀಸಾಗಿ ಹೇಳಿಕೊಟ್ಟಳು.

ಬಟ್ಟೆ ಸಿದ್ಧವಾಯಿತು, ಆದರೆ ಸಾಲಿ ಉಳಿದಿತ್ತು. ತಾಲೂಕಿನಲ್ಲಿ ಸಾಲಿಯಿಂದ ಸಾಲಿಗೆ ತಿರುಗುತ್ತ ಇಂಥ ಮಕ್ಕಳನ್ನು ನೋಡಿಕೊಳ್ಳುವ ಟೀಚರ್ ಒಬ್ಬರಿದ್ದರು. ಹೆಸರು ಸುಮನ್, ಹುಕ್ಕೇರಿಯವರು. ಜಿನ್ನವ್ವ ಅವರಿಗೆ ಫೋನ್ ಹಚ್ಚಿದಳು. ಸುಮನ್ ಟೀಚರ್ ಅಂಗಡಿಗೆ ಬಂದು ಬಟ್ಟೆಯನ್ನು ಒಳಹೊರಗು ಮಾಡಿ ನೋಡಿ, “ಅಕ್ಕಾರ, ನಾಲ್ಕ ಸಲ ಈ ಹುಡುಗಿ ಮನಿಗೆ ಹೋಗಿದ್ದೆ. ಸಾಲಿಗೆ ಬಾ ಬಾ ಅಂತ ಕರದೆ ಹೊರತು, ಯಾಕ ಬರವಲ್ಲಿ ಅನ್ನೂದು ನಂಗ ತಿಳೀಲೇ ಇಲ್ಲ ನೋಡ್ರಿ,” ಎಂದರು.

ಗುಡುಬಿ, ಸುಮನ್ ಟೀಚರ್ ಇಬ್ಬರೂ ಕೂಡಿ ರೂಪಾಲಿಯನ್ನು ಕರೆದುಕೊಂಡು ಹೈಸ್ಕೂಲಿಗೆ ಹೋದರು. ಹೆಡ್‌ಮೇಡಂ ಕೆಟ್ಟವರಲ್ಲ, ಶಿಸ್ತಿನವರು. “ಒಬ್ಬಾಕಿಗೆ ಬ್ಯಾರೆ ಯೂನಿಫಾರ್ಮ್ ಅಂದ್ರ ನಾಳೆ ಎಲ್ಲಾರೂ ಕೇಳ್ತಾರ,” ಎಂದು ರಾಗ ಎಳೆದರು. ರೂಪಾಲಿ ಆಗಲೇ ಹೊಸ ಬಟ್ಟೆ ಹಾಕಿಕೊಂಡು ಅವರ ಎದುರಿಗೇ ನಿಂತಿದ್ದಳು. “ಬ್ಯಾರೆ ಯಾವ್ದೈತಿ ಹೇಳ್ರಿ ಮೇಡಂ,” ಎಂದಳು. ಮೇಡಂ ಕನ್ನಡಕ ಏರಿಸಿ ಮೇಲಿಂದ ಕೆಳಗೆ ನೋಡಿದರು. ಏನೂ ಕಾಣಿಸಲಿಲ್ಲ. ಕೊನೆಗೆ ನಗು ಬಂತು ಅವರಿಗೂ.

ಗುಡುಬಿ ಅಷ್ಟಕ್ಕೇ ಬಿಡಲಿಲ್ಲ. ಶೌಚಾಲಯ ತೋರಿಸಿ ಎಂದಳು. ಬಾಗಿಲಿನ ಚಿಲಕ ಮೇಲಿತ್ತು. ಒಂದು ಕೈಯಿಂದ ಬಾಗಿಲನ್ನು ಜಗ್ಗಿ ಹಿಡಿದರೆ ಮಾತ್ರ ಇನ್ನೊಂದು ಕೈಯಿಂದ ಚಿಲಕ ಸರಿಯುತ್ತಿತ್ತು. “ಬಟ್ಟಿ ನಾ ಹೊಲದೇನ್ರಿ ಅಕ್ಕೋರ. ಬಾಗಲಾ ಹೊಲ್ಯಾಕ ನಂಗ ಬರಂಗಿಲ್ಲ,” ಎಂದಳು. ಮೂರು ದಿನದಲ್ಲಿ ಮೇಡಂ ಬಡಿಗರನ್ನು ಕರೆಸಿ ಬಾಗಿಲು ಕೆತ್ತಿಸಿದರು. ಹುಡುಗಿಯ ಸೊಂಟದ ಎತ್ತರಕ್ಕೆ ಬೆರಳಿನಿಂದ ಸರಿಸುವ ಹೊಸ ಚಿಲಕ ಬಂತು. ಅದು ಸುಲಭವೆಂದು ಉಳಿದ ಹುಡುಗಿಯರೂ ಅದೇ ಬಾಗಿಲಿಗೆ ಸರದಿ ನಿಲ್ಲತೊಡಗಿದರು.

ದಸರಾ ಸೂಟಿ ಮುಗಿದ ಸೋಮವಾರ ಗುಡುಬಿ ಮಷೀನಿನ ಮುಂದೆ ಕೂತಿದ್ದಳೇ ಹೊರತು ಕಣ್ಣೆಲ್ಲ ಓಣಿಯ ಮೇಲಿತ್ತು. ಸಂಜೆ ಐದಕ್ಕೆ ಸಾಲಿಯಿಂದ ಹುಡುಗಿಯರ ಗುಂಪು ಬಂತು. ಅದರಿಂದ ಬೇರೆಯಾಗಿ ರೂಪಾಲಿ ಕಾಲೆಳೆಯುತ್ತ ಮೆಟ್ಟಿಲು ಹತ್ತಿದಳು.

“ಕಾಕೂ, ನೀರ ಕೊಡ್ರಿ.”

ಇಡೀ ದಿನ ಮತ್ತೆ ನೀರಡಿಸಿಕೊಂಡೇ ಇದ್ದಳೇನೋ ಎಂದು ಗುಡುಬಿಗೆ ಅನ್ನಿಸಿತು. ತಂಬಿಗೆ ಕೊಟ್ಟಳು. ಹುಡುಗಿ ಗಟಗಟ ಕುಡಿದು ಬಾಯಿ ಒರೆಸಿಕೊಂಡಳು. “ಸಾಲ್ಯಾಗೂ ಕುಡದೇನ್ರಿ. ಎರಡ ಸಲ. ಹೋಗೂದೂ ಎರಡ ಸಲ ಹೋಗಿದ್ದೆ.”

“ಮತ್ತ?”

“ಮತ್ತೇನ, ಬಂದೆ,” ಎಂದವಳು ಬಸ್ಸಿಗೆ ತಡವಾಯಿತೆಂದು ಇಳಿದು ಹೋದಳು. ರಮಜಾನಸಾಬ ಅರಳೆಯ ರಾಶಿಯಿಂದ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಅವಳು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದಳು. “ನಿಮ್ಮ ಅರಳಿ ಮೂಗಿನ್ಯಾಗ ಹೋಗೈತಿ,” ಎಂದಳು.

ಸುದ್ದಿ ಸುಮನ್ ಟೀಚರ್ ಹೋದಲ್ಲೆಲ್ಲ ಹೋಯಿತು. ನಡೆಯಲು ಕಾಲಿಗೆ ಆಧಾರದ ಪಟ್ಟಿ ಕಟ್ಟಿಕೊಳ್ಳುವ ಹುಡುಗಿಗೆ ಪಕ್ಕದಿಂದ ಪೂರ್ತಿ ತೆರೆಯುವ ಪ್ಯಾಂಟು, ಜೊಲ್ಲು ಸುರಿಸುವ ಮಗುವಿಗೆ ಅಂಗಿಯ ಬಣ್ಣದ್ದೇ ಎದೆಪಟ್ಟಿ, ಹೀಗೆ ಒಂದೊಂದೇ ಕೆಲಸ ಬಂತು. ಮರುವರ್ಷ ಸಂಕ್ರಾಂತಿಯ ಹೊತ್ತಿಗೆ ಗೋಕಾಕದಿಂದ ಅಪ್ಪಣ್ಣ ಎಂಬವರು ತಮ್ಮ ಮಗನನ್ನು ಕರೆತಂದರು. ಅವರು ಕೋರ್ಟಿನ ಎದುರು ಕೂತು ಅರ್ಜಿ ಟೈಪು ಮಾಡುವವರು. ಮಗ ಗುರುಪಾದನಿಗೆ ಹದಿನೆಂಟು. ಬುದ್ಧಿಯ ಬೆಳವಣಿಗೆ ನಿಧಾನ, ಮಾತು ಕಡಿಮೆ. ಹತ್ತನೆಯ ತನಕ ಸಾಲಿಗೆ ಹೋಗಿ ಬಂದಿದ್ದ. ಈಗ ಗೋಕಾಕದ ಸಿಹಿತಿಂಡಿ ಅಂಗಡಿಯೊಂದರಲ್ಲಿ ಡಬ್ಬಿ ತುಂಬುವ ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿದ್ದರು. ಆದರೆ ಪ್ಯಾಂಟಿನ ಗುಂಡಿ, ಜಿಪ್ಪು, ಬೆಲ್ಟು ಎಲ್ಲವನ್ನೂ ಅಪ್ಪನೇ ಹಾಕಬೇಕಿತ್ತು. ಕೆಲಸದ ಜಾಗದಲ್ಲಿ ಹಾಕುವವರು ಯಾರು?

ಈಗ ಗುಡುಬಿಗೆ ಕೈ ಪಳಗಿತ್ತು. ಇಲಾಸ್ಟಿಕ್ ಪ್ಯಾಂಟು ಹೊಲಿದು, ಹೊರಗಿನಿಂದ ಚಂದ ಕಾಣಲೆಂದು ಬಕ್ಕಲಿನ ಸಮೇತ ಬೆಲ್ಟಿನ ತುಂಡನ್ನು ಮುಂದೆ ಹೊಲಿದಳು. ಗುರುಪಾದ ಹಾಕಿಕೊಂಡ. ಬಕ್ಕಲನ್ನು ಎಳೆದು ನೋಡಿದ. ಅದು ಬಿಚ್ಚಲಿಲ್ಲ. ಮುಖ ಕೆಂಪಾಯಿತು.

“ಸುಳ್ಳ ಬೆಲ್ಟ,” ಎಂದ. ಪ್ಯಾಂಟನ್ನು ಕಳಚಿ ಅರಳೆಯ ರಾಶಿಯ ಮೇಲೆ ಎಸೆದ. “ಅಪ್ಪಂದ ಖರೆ ಬೆಲ್ಟ. ನಂಗ ಖರೆ ಬೆಲ್ಟ ಬೇಕು.”

ಅಪ್ಪಣ್ಣ ನಾಚಿ ಹುಡುಗನನ್ನು ರಮಿಸತೊಡಗಿದರು. ಗುಡುಬಿ ಎಸೆದ ಪ್ಯಾಂಟನ್ನು ಎತ್ತಿಕೊಂಡಳು. ರೂಪಾಲಿಯ ಮುಂದೆ ಒಪ್ಪಿಕೊಂಡ ತಪ್ಪನ್ನೇ ಮತ್ತೆ ಮಾಡಿದ್ದಳು. ಏನು ಬೇಕೆಂದು ಅವನನ್ನು ಕೇಳಿಯೇ ಇರಲಿಲ್ಲ, ಅಪ್ಪನನ್ನು ಕೇಳಿದ್ದಳು.

ಆಮೇಲೆ ಅವಳು ಮಾಡಿದ್ದು ಪ್ಯಾಂಟಲ್ಲ, ದಿಂಬು. ಗಂಡನಿಂದ ಒಂದು ಗಟ್ಟಿ ದಿಂಬು ತುಂಬಿಸಿ, ಅದರ ಮೇಲೆ ಪ್ಯಾಂಟಿನ ಮುಂಭಾಗವನ್ನೇ ಹೊಲಿದಳು. ದೊಡ್ಡ ಗುಂಡಿ, ದಪ್ಪ ಹಲ್ಲಿನ ಜಿಪ್ಪು, ಅಗಲ ಬಕ್ಕಲಿನ ಬೆಲ್ಟು. ಜಿಪ್ಪಿನ ತುದಿಗೆ ಹಿಡಿಯಲು ಬಳೆಯಷ್ಟು ದೊಡ್ಡ ಉಂಗುರ. “ಇದನ್ನ ತೊಡಿಮ್ಯಾಲ ಇಟ್ಕೊಂಡ ದಿನಾ ಹಾಕು, ತಗಿ. ಬಂತಂದ್ರ ಇದಕಿಂತ ಸಣ್ಣಂದ ಮಾಡಿ ಕೊಡ್ತೇನಿ,” ಎಂದಳು. ಗುರುಪಾದ ದಿಂಬನ್ನು ಎದೆಗವಚಿಕೊಂಡು ಬಸ್ಸು ಹತ್ತಿದ.

ಮೊದಲ ದಿಂಬಿಗೆ ಏಳು ವಾರ ಹಿಡಿಯಿತು. ಎರಡನೆಯದಕ್ಕೆ ಐದು. ನಡುವೆ ಒಮ್ಮೆ ಸಿಟ್ಟಿಗೆದ್ದು ಹಲ್ಲಿನಿಂದ ಜಿಪ್ಪು ಕಿತ್ತುಹಾಕಿದ. ಗುಡುಬಿ ಬೇರೆ ಹಚ್ಚಿ ಕಳಿಸಿದಳು. ಆ ಸಿಹಿತಿಂಡಿ ಅಂಗಡಿಯವರು ಕಾಯುತ್ತೇವೆ ಎಂದದ್ದು ದೊಡ್ಡತನ. ಮೇ ತಿಂಗಳ ಒಂದು ಮುಂಜಾನೆ ಅಪ್ಪಣ್ಣನ ಫೋನು ಬಂತು.

“ಅಕ್ಕಾರ, ಇವತ್ತ ನಮ್ಮ ಹುಡುಗ ಬಾಗಲಾ ಹಾಕ್ಕೊಂಡ ಒಳಗ ಹ್ವಾದ. ನಾ ಹೊರಗ ನಿಂತಿದ್ದೆ. ಹೊರಗ ಬಂದ, ಬೆಲ್ಟ ಹಾಕ್ಕೊಂಡ ಬಂದ.” ಅವರ ದನಿ ತಗ್ಗಿತು. “ಹದಿನೆಂಟ ವರ್ಷ ನನ್ನ ಕೈಯಿ ಅದನ್ನ ಮಾಡತಿದ್ದುವು. ಈಗ ಈ ಕೈಯಿ ಏನ ಮಾಡಬೇಕು ತಿಳೀವಲ್ದ್ರಿ.”

“ಚಾ ಕುಡೀರಿ,” ಎಂದಳು ಗುಡುಬಿ. “ಅವನೂ ನೀವೂ ಕೂತ ಒಂದೊಂದ ಕಪ್ಪ ಚಾ ಕುಡೀರಿ.”

ಎಲ್ಲವೂ ಹೀಗೆ ಗೆದ್ದು ಮುಗಿಯಲಿಲ್ಲ. ನಾಗನೂರಿನಿಂದ ಬಂದ ಆರು ವರ್ಷದ ಹುಡುಗನೊಬ್ಬನಿಗೆ ಕುತ್ತಿಗೆಗೆ ಏನು ತಗುಲಿದರೂ ಆಗುತ್ತಿರಲಿಲ್ಲ. ಅಂಗನವಾಡಿಯಲ್ಲಿ ಬರಿಮೈಯಲ್ಲಿ ಆಡುತ್ತಿದ್ದವನು ಒಂದನೆಯ ಇಯತ್ತೆಗೆ ಬಂದ ಮೇಲೆ ಅಂಗಿ ಹಾಕಿದರೆ ಹರಿದುಕೊಂಡು ಚೀರುತ್ತಿದ್ದ. ಗುಡುಬಿ ಕಾಲರು ತೆಗೆದಳು, ಬಟ್ಟೆಯನ್ನು ಹತ್ತು ಸಲ ಒಗೆದು ಮೆದು ಮಾಡಿದಳು, ಹೊಲಿಗೆ ಹೊರಗೆ ಬರುವಂತೆ ತಿರುವಿ ಹೊಲಿದಳು. ನಾಲ್ಕು ಅಂಗಿ ಹರಿದವು. ಐದನೆಯದನ್ನು ಅವನು ಮಧ್ಯಾಹ್ನದ ಊಟದ ತನಕ ಮೈಮೇಲೆ ಇಟ್ಟುಕೊಳ್ಳುತ್ತಾನೆ. ಊಟವಾದ ಮೇಲೆ ಬನಿಯನ್ನಿನಲ್ಲೇ ಕೂರಲು ಅವನ ಟೀಚರ್ ಬಿಟ್ಟಿದ್ದಾರೆ. ಆರನೆಯದು ಗುಡುಬಿಯ ಮಷೀನಿನ ಮೇಲಿದೆ.

ಕಳೆದ ವರ್ಷ ಹುಕ್ಕೇರಿಯಲ್ಲಿ ಸುಮನ್ ಟೀಚರ್ ಇಂಥ ಮಕ್ಕಳ ತಾಯಿತಂದೆಯರ ಸಭೆ ಸೇರಿಸಿದರು. ಏಪ್ರಿಲ್‌ನಲ್ಲೇ ಸೇರಿಸಿದ್ದರು, ಜೂನ್‌ನಲ್ಲಿ ಸಾಲಿ ಬದಲಿಸುವ ಮಕ್ಕಳಿಗೆ ಮೊದಲೇ ತಯಾರಿ ಆಗಲೆಂದು. ಗುಡುಬಿಯೂ ನಾಲ್ಕು ಮಾತಾಡಬೇಕೆಂದು ಪಟ್ಟು ಹಿಡಿದರು. ಮೈಕಿನ ಮುಂದೆ ನಿಂತವಳು ಏನೂ ಹೊಳೆಯದೆ ಚೀಲ ಬಿಚ್ಚಿ ಬಟ್ಟೆಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದಳು. ಹಿಂದಿನಿಂದ ಒಬ್ಬ ಗಂಡಸು ಎದ್ದು ನಿಂತ. “ಇಷ್ಟಕ್ಕ ಯಾಕ್ರಿ ಇದೆಲ್ಲಾ? ಅವ್ವ ಇರ್ತಾಳಲ್ಲ, ಎಲ್ಲಾ ಮಾಡ್ತಾಳ.”

ಗುಡುಬಿಗೆ ಆಗ ಮಾತು ಬಂತು. “ಅವ್ವ ಸಾಲ್ಯಾಗ ಬಂದ ಕುಂದರಾಕ ಬರಂಗಿಲ್ಲಲ್ರಿ ಅಣ್ಣಾರ. ಮತ್ತ ಮಕ್ಕಳಿಗೆ ಬಾಗಲಾ ಹಾಕ್ಕೋಬೇಕು ಅನಸ್ತೈತಿ. ನಿಮಗ ಅನಸಂಗಿಲ್ಲೇನು?” ಎಂದಳು. ಮುಂದಿನ ಸಾಲಿನ ಹೆಂಗಸರು ತಲೆದೂಗಿದರು. ಸಭೆ ಮುಗಿದ ಮೇಲೆ ಮರದ ನೆರಳಿನಲ್ಲಿ ಅವಳ ಸುತ್ತ ನಿಂತ ತಾಯಂದಿರು ಕರಗಲು ಒಂದು ತಾಸು ಬೇಕಾಯಿತು. ಎದ್ದು ಕೇಳಿದ್ದ ಗಂಡಸೂ ಕೊನೆಯಲ್ಲಿ ಮಗಳ ಕೈ ಹಿಡಿದು ನಿಂತಿದ್ದ.

ಈ ವರ್ಷ ರೂಪಾಲಿ ಹತ್ತನೆಯ ಇಯತ್ತೆ ಪಾಸಾದಳು. ಅಪ್ಪ ಬಾಹುಬಲಿಯೇ ಗೋಕಾಕಕ್ಕೆ ಹೋಗಿ ಕಾಲೇಜಿಗೆ ಹೆಸರು ಹಚ್ಚಿ ಬಂದ. ಬಸ್ಸು ಹತ್ತುವಾಗ ಯಾವ ಕಡೆಯ ಕಂಬಿ ಹಿಡಿಯಬೇಕು, ಮೂಡಲಗಿಯಲ್ಲಿ ಇಳಿದು ಎಷ್ಟು ಹೊತ್ತು ಕಾಯಬೇಕು ಎಂದು ಮೇ ತಿಂಗಳಿಡೀ ಅಪ್ಪ ಮಗಳು ತಿರುಗಿ ನೋಡಿದರು. ಮೊದಲು ಪಕ್ಕದಲ್ಲಿ ಕೂತ ಅಪ್ಪ, ಆಮೇಲೆ ಹಿಂದಿನ ಸೀಟಿನಲ್ಲಿ, ಕೊನೆಗೆ ಅದೇ ಬಸ್ಸಿನ ಹಿಂದೆ ಮೋಟರ್‌ಸೈಕಲ್ಲಿನ ಮೇಲೆ. ಆ ಮೋಟರ್‌ಸೈಕಲ್ಲನ್ನು ಕಿಟಕಿಯಿಂದ ಕಂಡು ರೂಪಾಲಿ ಫೋನ್ ಮಾಡಿ ಬೈದಳಂತೆ. ಈಗ ಒಬ್ಬಳೇ ಹೋಗುತ್ತಾಳೆ.

ಜೂನ್ ಮೊದಲ ವಾರ ಕಾಲೇಜು ಬಟ್ಟೆಯ ಅಳತೆ ಕೊಡಲು ಅವಳು ಅಂಗಡಿಗೆ ಬಂದಾಗ ಹುಕ್ಕೇರಿಯಿಂದ ತಾಯಿ ಮಗಳು ಬಂದು ಕೂತಿದ್ದರು. ಮಗಳ ಹೆಸರು ಸಮ್ರೀನ. ಎಂಟನೆಯ ಇಯತ್ತೆಗೆ ಹೊಸ ಸಾಲಿ. ಅವಳಿಗೆ ಬಲಗೈ ಸರಿಯಿಲ್ಲ. ಗುಡುಬಿ ಎಷ್ಟು ಮೆತ್ತಗೆ ಕೇಳಿದರೂ ತಾಯಿಯ ಬುರಖಾದ ಮರೆಯಿಂದ ಹೊರಬರಲಿಲ್ಲ. ರೂಪಾಲಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಎದ್ದು ಆ ಹುಡುಗಿಯ ಮುಂದೆ ಬಂದು ನಿಂತಳು.

“ಬಾ ಒಳಗ. ನಾ ಹೆಂಗ ಮಾಡ್ತೇನಿ ತೋರಸ್ತೇನಿ. ನಿಂದು ಉಲ್ಟಾ ಆಕ್ಕೈತಿ ಅಷ್ಟ.”

ಇಬ್ಬರೂ ಚಾದರದ ಮರೆಗೆ ಹೋದರು. ಟೇಪು ಹಿಡಿದು ಗುಡುಬಿಯೂ ಹಿಂದೆ ಹೊರಟಳು.

“ಕಾಕೂ, ನೀವು ಹೊರಗ ಕುಂದರ್ರಿ,” ರೂಪಾಲಿ ಒಳಗಿನಿಂದಲೇ ಹೇಳಿದಳು. “ಎಲ್ಲಿ ಏನ ಬೇಕು ಗುರ್ತ ಹಾಕ್ಕೊಂಡ ಬರ್ತೇವಿ.”

ಗುಡುಬಿ ಹೊರಗೆ ಬಂದು ಗಂಡ ತುಂಬಿಟ್ಟಿದ್ದ ಹೊಸ ಗಾದಿಯ ಮೇಲೆ ಕೂತಳು. ಎದುರಿಗೆ ಸಮ್ರೀನಳ ತಾಯಿ ಕಾತರದಿಂದ ಚಾದರದತ್ತಲೇ ನೋಡುತ್ತಿದ್ದಳು. ಒಳಗೆ ಪಿಸಪಿಸ ಮಾತು ನಡೆದಿತ್ತು. ಏನೋ ಧಡ್ ಎಂದು ಬಿದ್ದ ಸದ್ದಾಯಿತು. ಅದರ ಬೆನ್ನಿಗೇ ಇಬ್ಬರೂ ಹುಡುಗಿಯರು ಕಿಲಕಿಲ ನಕ್ಕರು.

ತಾಯಿ ಗಾಬರಿಯಾಗಿ ಏಳಲು ಹೋದಳು. ಗುಡುಬಿ ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು.

“ಕುಂದರವಾ,” ಎಂದಳು. “ಅವರಿಗಿ ಟೈಮ್ ಹತ್ತತೈತಿ.”